ಎರಡು ಲೀಟರ್ ಬ್ರದರ್

ಅಷ್ಟೂ ರಾದ್ಧಾಂತಕ್ಕೆ ಕಾರಣ ಕಡಲೆಕಾಳಿನಷ್ಟು ಒಂದು ಗುಂಡು. ಎದೆರೋಗದ ವಾರ್ಡಿನಲ್ಲಿ ಪ್ರತಿ ಮಂಚದ ತಲೆದೆಸೆಯ ಗೋಡೆಗೂ ಒಂದು ಗಾಜಿನ ಕೊಳವೆ, ಅದರೊಳಗೆ ಈ ಗುಂಡು. ಕೆಳಗಿನ ತಿರುಪು ಬಿಟ್ಟಷ್ಟೂ ಆಕ್ಸಿಜನ್ ಹೆಚ್ಚು ಹರಿದು ಗುಂಡು ಮೇಲೇರುತ್ತದೆ. ಏಳನೇ ಬೆಡ್ಡಿನ ಗುಂಡು ಎರಡು ಲೀಟರಿನ ಗೆರೆ ದಾಟಕೂಡದೆಂದು ಡಾಕ್ಟರಮ್ಮ ಬರೆದಿಟ್ಟಿದ್ದರು. ಬೆಳಗ್ಗೆ ಎಂಟಕ್ಕೆ ಬ್ರದರ್ ಡ್ಯೂಟಿಗೆ ಬಂದು ನೋಡಿದರೆ ಅದು ನಾಲ್ಕರಲ್ಲಿ ಕುಣಿಯುತ್ತಿತ್ತು.

ಆಸ್ಪತ್ರೆಯಲ್ಲಿ ಗಂಡು ನರ್ಸನ್ನು ಎಲ್ಲರೂ ಬ್ರದರ್ ಎನ್ನುವುದು ರೂಢಿ. ಇವನು ಒಂಬತ್ತು ವರ್ಷದಿಂದ ಇದೇ ವಾರ್ಡಿನಲ್ಲಿ ಹಾಗೆ ಕರೆಸಿಕೊಂಡು ಕರೆಸಿಕೊಂಡು, ಒಮ್ಮೆ ಹೆಂಡತಿಯೇ ಬಾಯಿತಪ್ಪಿ ಹಾಗೆ ಕರೆದು ಇಬ್ಬರೂ ಪೆಚ್ಚಾಗಿದ್ದರು. ಒಂಬತ್ತು ವರ್ಷ ಕೆಮ್ಮು ಕೇಳಿದ ಕಿವಿಗೆ ಈಗ ಮನೆಯ ಮೌನವೂ ಕಾಯಿಲೆಯಂತೆ ಕೇಳುತ್ತಿತ್ತು.

ಅವನು ತಿರುಪನ್ನು ಎರಡಕ್ಕೆ ಇಳಿಸಿದ. ಪಕ್ಕದಲ್ಲಿ ಕೂತಿದ್ದ ಗುಂಡುಗುಂಡಗಿನ ಮನುಷ್ಯ ತಟ್ಟನೆ ಎದ್ದ.

"ಏನ್ರೀ, ಯಾಕ್ ಕಮ್ಮಿ ಮಾಡ್ತೀರ?"

"ಇವರಿಗೆ ಇಷ್ಟೇ ಕೊಡಬೇಕು. ನೀವು ಯಾರು?"

"ನಮ್ ಭಾವ ಇವರು. ನಾನು ಪ್ಲಂಬರ್. ಮೂವತ್ತು ವರ್ಷ ಆಯ್ತು ವಾಲ್ವ್ ತಿರುಗಿಸ್ತಾ. ನಂಗೆ ನಲ್ಲಿ ವಿಷ್ಯ ಹೇಳ್ಬೇಡಿ."

ಮಂಚದಲ್ಲಿದ್ದ ಭಾವ ನಿವೃತ್ತ ಬಸ್ ಕಂಡಕ್ಟರು. ಸಿಗರೇಟು ಸುಟ್ಟು ಉಳಿಸಿದ ಎದೆ ಹರಿದ ತಿದಿಯ ಹಾಗೆ ಏಳುತ್ತ ಬೀಳುತ್ತ ಇತ್ತು. ಬ್ರದರ್ ಅವರನ್ನು ಎತ್ತಿ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಬಾಗಿಸಿ, "ಮೂಗಲ್ಲಿ ಎಳ್ಕೊಳ್ಳಿ ಯಜಮಾನ್ರೇ, ಸೀಟಿ ಊದೋ ಹಾಗೆ ತುಟಿ ಮಾಡಿ ನಿಧಾನಕ್ಕೆ ಬಿಡಿ" ಎಂದ. ಸೀಟಿ ಎಂದ ಕೂಡಲೇ ಕಂಡಕ್ಟರಿಗೆ ಕಸುಬು ನೆನಪಾಗಿ ಚೆನ್ನಾಗಿ ಊದಿದರು. ಅವರ ಹೆಂಡತಿ ಮಾತ್ರ ಗಂಡನ ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಯಂತ್ರದ ಅಂಕೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಎಂಬತ್ತೊಂಬತ್ತು ಇತ್ತು.

"ನಮ್ಮನೆಯವರದು ತೊಂಬತ್ತೆಂಟು," ಎಂದಳು ಆರನೇ ಬೆಡ್ಡಿನ ಅಜ್ಜಿ, ಮೊಮ್ಮಗ ರ‍್ಯಾಂಕು ತಂದನೆಂಬಂತೆ. "ನಿಮ್ಮವರಿಗೆ ಯಾಕಮ್ಮ ಅಷ್ಟು ಕಮ್ಮಿ?"

ಕಂಡಕ್ಟರ ಹೆಂಡತಿಯ ಮುಖ ಬಾಡಿತು. ಹನ್ನೆರಡು ವರ್ಷದಿಂದ ಪಕ್ಕದಲ್ಲಿ ಮಲಗಿ ಗಂಡನ ಉಸಿರು ಎಣಿಸಿದ್ದ ಹೆಂಗಸು ಆಕೆ. ಒಂದು ಉಸಿರು ತಡವಾದರೂ ಆಕೆಯ ಎದೆ ಧಸಕ್ಕೆನ್ನುತ್ತಿತ್ತು.

"ಇವರ ಎದೆಗೆ ಎಂಬತ್ತೊಂಬತ್ತೇ ಸರಿ ಅಮ್ಮಾ. ಜಾಸ್ತಿ ಆದ್ರೆ ಕೆಟ್ಟದ್ದು," ಎಂದ ಬ್ರದರ್.

"ಗಾಳಿ ಜಾಸ್ತಿ ಆಗಿ ಸತ್ತೋರನ್ನ ನಾನಂತೂ ಕಂಡಿಲ್ಲಪ್ಪ," ಎಂದಳು ಅಜ್ಜಿ.

ಬ್ರದರ್ ವಾದಕ್ಕೆ ಇಳಿಯದೆ ಒಂದು ಚೀಟಿಯಲ್ಲಿ 'ಮುಟ್ಟಬೇಡಿ' ಎಂದು ದಪ್ಪಗೆ ಬರೆದು ತಿರುಪಿನ ಮೇಲೆ ಅಂಟಿಸಿದ. ಇನ್ನೊಬ್ಬರಿಗೆ ಸೂಜಿ ಚುಚ್ಚಿ ಬರುವಷ್ಟರಲ್ಲಿ ಗುಂಡು ಐದಕ್ಕೇರಿತ್ತು. ಇಳಿಸಲು ಕೈ ಚಾಚಿದರೆ ಪ್ಲಂಬರ್ ಆ ಕೈ ಹಿಡಿದ.

"ಓದಕ್ ಬರಲ್ವಾ? ಮುಟ್ಟಬೇಡಿ ಅಂತ ಬರ್ದಿದೆ!"

"ಅದನ್ನ ಬರೆದೋನು ನಾನೇ ಕಣ್ರೀ!"

"ಬರೆದ ಮೇಲೆ ನೀವೂ ಪಾಲಿಸ್ಬೇಕು."

ಇಡೀ ಸಾಲು ನಕ್ಕಿತು. ಬ್ರದರ್ ಕೈ ಬಿಡಿಸಿಕೊಂಡು ಗುಂಡನ್ನು ಮತ್ತೆ ಎರಡಕ್ಕಿಳಿಸಿದ. ನಗಲು ಹೋದವರಿಗೆಲ್ಲ ಕೆಮ್ಮು ಹತ್ತಿ, ಬ್ರದರ್ ಒಬ್ಬೊಬ್ಬರ ಬೆನ್ನು ತಟ್ಟುತ್ತ, ಕಫದ ಡಬ್ಬಿ ಹಿಡಿಯುತ್ತ ಅರ್ಧ ಗಂಟೆ ಕಳೆದ. ಅಷ್ಟರಲ್ಲಿ ಅಜ್ಜಿ ಸುದ್ದಿ ಹಬ್ಬಿಸಿದ್ದಳು: ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯುತ್ತ ಬಂದಿದೆ, ಬಾಯಿಲ್ಲದವರ ಪಾಲನ್ನು ಈ ಬ್ರದರ್ ಕದ್ದು ಬೇಕಾದವರಿಗೆ ತಿರುಗಿಸುತ್ತಿದ್ದಾನೆ. 'ಎರಡು ಲೀಟರ್ ಬ್ರದರ್' ಎಂಬ ಹೆಸರೂ ಆಗಲೇ ಬಿತ್ತು. ಹತ್ತು ಗಂಟೆಗೆ ಪ್ಲಂಬರ್ ನಾಲ್ವರ ಸಹಿ ಹಾಕಿಸಿ ದೂರು ಕೊಟ್ಟ. ಹತ್ತೂಕಾಲಿಗೆ ನರ್ಸಿಂಗ್ ಸೂಪರಿಂಟೆಂಡೆಂಟರಿಂದ ಕರೆ ಬಂತು.

ಮೇಡಂ ಕನ್ನಡಕ ಏರಿಸಿ ದೂರು ಓದಿದರು. "ಒಂಬತ್ತು ವರ್ಷದ ಸರ್ವೀಸು ನಿಮ್ಮದು. ಜನರಿಗೆ ತಿಳಿಸಿ ಹೇಳೋಕೆ ಬರಲ್ಲ ಅಂದ್ರೆ?"

"ಹೇಳಿದೆ ಮೇಡಂ. ಕೇಳಲ್ಲ."

"ಅರ್ಥ ಆಗೋ ಹಾಗೆ ಹೇಳಿ. ಹೇಳೋದೂ ಚಿಕಿತ್ಸೆನೇ."

ಮುಕ್ಕಾಲು ಗಂಟೆ ಬೈಗುಳ ತಿಂದು ಬ್ರದರ್ ಮೆಟ್ಟಿಲು ಹತ್ತಿ ಬಂದ. ವಾರ್ಡು ಹಬ್ಬದ ಮನೆಯಂತಿತ್ತು. ಏಳನೇ ಬೆಡ್ಡಿನ ಸುತ್ತ ಜನ. ಕಂಡಕ್ಟರು ಕಣ್ಣು ಮುಚ್ಚಿದ್ದಾರೆ. ಬೆರಳಿನ ಅಂಕೆ ತೊಂಬತ್ತೊಂಬತ್ತು. ಗುಂಡು ಕೊಳವೆಯ ನೆತ್ತಿಗೆ ತಲೆ ಚಚ್ಚಿಕೊಳ್ಳುತ್ತಿದೆ.

"ನೋಡಿ ಬ್ರದರ್," ಹೆಂಡತಿಯ ಕಣ್ಣಲ್ಲಿ ಸಂತೋಷದ ನೀರು. "ಹನ್ನೆರಡು ವರ್ಷಕ್ಕೆ ಇವತ್ತು ಹಿಂಗೆ ನಿದ್ದೆ ಮಾಡ್ತಿದ್ದಾರೆ. ಮುಖ ಹೆಂಗೆ ಕೆಂಪಗಾಗಿದೆ ನೋಡಿ, ಮದುವೇಲಿ ಹಿಂಗೇ ಇದ್ರು."

ಬ್ರದರ್ ಜನರನ್ನು ಸರಿಸಿ ಕಂಡಕ್ಟರ ಕಡೆ ಬಾಗಿದ. ಕೈ ಮುಟ್ಟಿದ. ಬಿಸಿ, ಬೆವರು. "ಯಜಮಾನ್ರೇ!" ಎಂದು ಭುಜ ಅಲುಗಿಸಿದ. ಎದೆಯೆಲುಬಿನ ಮೇಲೆ ಗೆಣ್ಣು ಒತ್ತಿ ತಿಕ್ಕಿದ. ಒಂದು ನರಳಿಕೆ, ಅಷ್ಟೇ. ಉಸಿರು ನಿಮಿಷಕ್ಕೆ ಎಂಟು. ಅದು ನಿದ್ದೆಯಾಗಿರಲಿಲ್ಲ.

ಆಮೇಲೆ ಎಲ್ಲವೂ ಓಟ. ಗುಂಡು ಇಳಿಯಿತು, ಡಾಕ್ಟರಮ್ಮ ಬಂದರು, ಮಣಿಕಟ್ಟಿನಿಂದ ತೆಗೆದ ರಕ್ತ ಪರೀಕ್ಷೆಗೆ ಹೋಯಿತು, ಉಸಿರು ನೂಕುವ ಯಂತ್ರ ಬಂದು ಕಂಡಕ್ಟರ ಮುಖಕ್ಕೆ ಬಿಗಿಯಾದ ಮಾಸ್ಕ್ ಕೂತಿತು. ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ತುಂಬಿಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದರು. ಇನ್ನೊಂದು ಗಂಟೆ ಬಿಟ್ಟಿದ್ದರೆ ಎಂದು ಶುರುಮಾಡಿ, ಹೆಂಡತಿಯ ಮುಖ ನೋಡಿ, ಮಾತು ಅರ್ಧಕ್ಕೇ ನುಂಗಿದರು.

ಎರಡು ಗಂಟೆಗೆ ಡ್ಯೂಟಿ ಮುಗಿದರೂ ಬ್ರದರ್ ಹೋಗಲಿಲ್ಲ. ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರುತ್ತಿದೆಯೇ, ಮೂಗಿನ ಮೇಲೆ ಚರ್ಮ ಕೆಂಪಾಗಿದೆಯೇ ನೋಡುತ್ತ, ತುಟಿಗೆ ಒದ್ದೆ ಹತ್ತಿ ಸವರುತ್ತ ಕೂತ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಹೆಂಡತಿ ಕೇಳಿದಳು:

"ನನ್ನ ತಮ್ಮ ತಿರುಗಿಸಿದ. ತಿರುಗಿಸು ಅಂದೋಳು ನಾನು. ಅವರು ಸಾಯ್ತಿದ್ದಾಗ ನಾನು ಖುಷಿಪಡ್ತಾ ಕೂತಿದ್ನಾ ಬ್ರದರ್?"

ಅವನು ಹತ್ತಿ ಕೆಳಗಿಟ್ಟ. "ನಿದ್ದೆ ನೋಡಿದ್ರೆ ಯಾರಿಗಾದ್ರೂ ಖುಷಿ ಆಗುತ್ತೆ ಅಮ್ಮಾ," ಎಂದ. ಆಕೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು.

ನಾಲ್ಕು ಗಂಟೆಗೆ ಕಂಡಕ್ಟರು ಕಣ್ಣು ಬಿಟ್ಟರು. ಮಾಸ್ಕ್ ಸ್ವಲ್ಪ ಎತ್ತಿದಾಗ ಕೇಳಿದ ಮೊದಲ ಮಾತು, "ಕೊನೇ ಸ್ಟಾಪ್ ಬಂತಾ?"

"ಇನ್ನೂ ದೂರ ಇದೆ, ಕೂತ್ಕೊಳ್ಳಿ," ಎಂದ ಬ್ರದರ್.

ಮೂಲೆಯಲ್ಲಿ ಮುದುಡಿ ನಿಂತಿದ್ದ ಪ್ಲಂಬರ್ ಓಡಿಬಂದು ಬ್ರದರನ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತ. "ತಪ್ಪಾಯ್ತು ಸಾರ್. ನಂಗೆ ಅರ್ಥ ಮಾಡ್ಸಿ. ಜಾಸ್ತಿ ಬಿಟ್ರೆ ಯಾಕೆ ಕೆಟ್ಟದ್ದು?"

ಮೇಡಂ ಹೇಳಿದ್ದು ನೆನಪಾಗಿ ಬ್ರದರ್ ಅವನ ಭಾಷೆಯಲ್ಲೇ ಹೇಳಿದ. "ನೋಡಿ, ನಿಮ್ ಭಾವನ ಎದೆ ಹೊರಗೆ ಹೋಗೋ ಪೈಪ್ ಕಟ್ಟಿರೋ ಟ್ಯಾಂಕ್ ಇದ್ದ ಹಾಗೆ. ಒಳಗೆ ಜೋರಾಗಿ ಬಿಟ್ರೆ ಕೊಳಕು ಹೊರಗೆ ಹೋಗಲ್ಲ, ಅಲ್ಲೇ ನಿಲ್ಲುತ್ತೆ."

ಪ್ಲಂಬರನ ಕಣ್ಣರಳಿತು. "ಅಯ್ಯೋ! ಇದನ್ನ ಬೆಳಗ್ಗೆನೇ ಹಿಂಗೆ ಹೇಳ್ಬಾರ್ದಿತ್ತಾ?"

ಅಜ್ಜಿಯೂ ಕಿವಿಗೊಟ್ಟು ಕೇಳಿದಳು. ಸುತ್ತ ನಿಂತವರೆಲ್ಲ ತಲೆದೂಗಿದರು. ಒಂಬತ್ತು ವರ್ಷದಲ್ಲಿ ಬ್ರದರನ ಒಂದು ಮಾತು ಇಷ್ಟು ಜನಕ್ಕೆ ಇಳಿದದ್ದು ಇದೇ ಮೊದಲು. ಎದೆ ಹಗುರಾಗಿ, ಎರಡಕ್ಕೇ ಡ್ಯೂಟಿಗೆ ಬಂದಿದ್ದ ಸಂಜೆಯ ಸಿಸ್ಟರಿಗೆ ಏಳನೇ ಬೆಡ್ಡನ್ನೂ ಒಪ್ಪಿಸಿದ. ಆಕೆ ಔಷಧಿ ತರಲು ಕೆಳಗೆ ಹೋದಳು. ಇವನು ಪಕ್ಕದ ಕೋಣೆಗೆ ಹೋಗಿ, ಬೆಳಗ್ಗೆಯಿಂದ ಆರಿ ಕೆನೆಗಟ್ಟಿದ್ದ ಚಹಾದ ಲೋಟ ಎತ್ತಿದ.

ಮೊದಲ ಗುಟುಕಿಗೇ ಹನ್ನೊಂದನೇ ಬೆಡ್ಡಿನ ಯಂತ್ರ ಕಿರುಚಿತು. ಅಲ್ಲಿದ್ದವನು ಮಧ್ಯಾಹ್ನ ಸೇರಿದ ಬಡಗಿ. ನ್ಯುಮೋನಿಯಾ, ಹತ್ತು ಲೀಟರ್ ಆಕ್ಸಿಜನ್ನಿನ ಮೇಲೆ ಜೀವ ಹಿಡಿದಿದ್ದವನು. ಬ್ರದರ್ ಲೋಟ ಬಿಸುಟು ಓಡಿದ. ಬಡಗಿಯ ತುಟಿ ನೀಲಿಯಾಗಿತ್ತು. ಗುಂಡು ಎರಡರಲ್ಲಿತ್ತು. ಅವನು ತಿರುಪು ಬಿಚ್ಚುವಷ್ಟರಲ್ಲಿ ಒಂಬತ್ತನೆಯದು ಕೂಗಿತು. ಅದರ ಹಿಂದೆಯೇ ನಾಲ್ಕನೆಯದು. ಮಂಚದಿಂದ ಮಂಚಕ್ಕೆ ಓಡುತ್ತ, ಯಾರಿಗೆ ಎಷ್ಟೆಂದು ನೆನಪಿನಿಂದಲೇ ಗುಂಡುಗಳನ್ನು ಏರಿಸುತ್ತ ಹೋದ. ಆರನೇ ಬೆಡ್ಡಿನಲ್ಲಿ ತಿರುಪು ಪೂರ್ತಿ ಮುಚ್ಚಿತ್ತು. "ಎರಡೇ ಅಷ್ಟು ಒಳ್ಳೇದಾದ್ರೆ ಸೊನ್ನೆ ಇನ್ನೂ ಒಳ್ಳೇದಲ್ವಾ ಅಂತ ನಾನೇ ನಿಲ್ಲಿಸಿದೆ," ಎಂದಳು ಅಜ್ಜಿ.

ಸಾಲಿನ ಕೊನೆಯಲ್ಲಿ ಪ್ಲಂಬರ್ ಅಂಗಿಯ ತೋಳು ಮಡಚಿ, ಹದಿನೈದನೇ ಬೆಡ್ಡಿನ ತಿರುಪಿಗೆ ಕೈ ಹಾಕಿ ನಿಂತಿದ್ದ. "ಈ ಆಸ್ಪತ್ರೆಯವ್ರು ಎಲ್ಲರ ಟ್ಯಾಂಕೂ ತುಂಬಿಸಿ ಕೊಲ್ತಿದ್ರು ಸಾರ್. ಆ ಸಾಲು ಪೂರ್ತಿ ಎರಡಕ್ಕೆ ತಂದಿದ್ದೀನಿ."

ಬ್ರದರ್ ಅವನನ್ನು ನೂಕಿ ತಿರುಪು ಹಿಡಿದ. ಬಡಗಿಯ ತುಟಿಗೆ ಮತ್ತೆ ಬಣ್ಣ ಬಂತು, ಒಂದೊಂದೇ ಯಂತ್ರ ಸುಮ್ಮನಾಯಿತು. ಕೂಗಾಟ ಕೇಳಿ ಸೂಪರಿಂಟೆಂಡೆಂಟ್ ಮೇಡಂ ಬಾಗಿಲಿಗೆ ಬಂದು ನಿಂತಿದ್ದರು.

"ಎಲ್ಲರಿಗೂ ಆಕ್ಸಿಜನ್ ಕಮ್ಮಿ ಮಾಡಿ ಅಂತ ಹೇಳಿದ್ದು ಯಾರು?"

ಬೆಳಗ್ಗೆಯಿಂದ ಒಂದು ಮಾತಿಗೂ ಒಮ್ಮತವಾಗದ ವಾರ್ಡು ಈಗ ಒಟ್ಟಾಗಿ ಕೈ ಎತ್ತಿ ಬ್ರದರನ ಕಡೆ ತೋರಿಸಿತು. ಪ್ಲಂಬರ್ ಅಭಿಮಾನದಿಂದ ಒಂದು ಹೆಜ್ಜೆ ಮುಂದೆ ಬಂದ.

"ಇವರೇ ಮೇಡಂ. ಎಷ್ಟು ಚೆನ್ನಾಗಿ ಹೇಳಿಕೊಟ್ರು ಅಂತೀರ, ಒಂದೇ ಸಲಕ್ಕೆ ಎಲ್ಲರಿಗೂ ಅರ್ಥ ಆಯ್ತು!"