ಮೂವತ್ತೊಂದು ವಿಮಾನದ ಇಂಜಿನ್ನು, ಒಂದು ಕಬ್ಬಿನ ಹೊಲ

ಗೊತ್ತಿಲ್ಲದ ವಿಷಯವನ್ನು ಅಚ್ಚುಕಟ್ಟಾಗಿ ಬರೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಸಂಡೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕ ನಾನು, ಮನೆ ಹೊಸಪೇಟೆ. ಎರಡು ವರ್ಷಗಳಿಂದ ಅಂತರ್ಜಾಲದ ಕನ್ನಡ ವಿಶ್ವಕೋಶವೊಂದಕ್ಕೆ ವಿಮಾನದ ಇಂಜಿನ್ನುಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಮೂವತ್ತೊಂದಾಗಿವೆ. ಈವರೆಗೆ ವಿಮಾನ ಹತ್ತಿಲ್ಲ. ಅದರ ಇಂಜಿನ್ ಕಂಡದ್ದು ಪುಸ್ತಕದಲ್ಲಿ.

೧. ಅಂಗಳಕ್ಕೆ ಬಂದ ಇಂಜಿನ್

ನನ್ನ ಹೆಂಡತಿಯ ಸೋದರಮಾವ ಕಂಪ್ಲಿಯಲ್ಲಿ ಕಬ್ಬು ಬೆಳೆಯುತ್ತಾರೆ. ನಾನು ಇಂಜಿನ್ ಬಗ್ಗೆ ಬರೆಯುತ್ತೇನೆಂದು ಯಾರೋ ಹೇಳಿದ್ದೇ ತಡ, ಕೆಟ್ಟುನಿಂತ ನೀರೆತ್ತುವ ಇಂಜಿನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು.

ನಾನು ಅದರ ಸುತ್ತ ಒಂದು ಸುತ್ತು ಬಂದು ಹೇಳಿದೆ, “ಒಂದೇ ಸಿಲಿಂಡರ್. ನೀರಿನಿಂದ ತಂಪಾಗುವಂಥದ್ದು.”

“ಅದು ನಂಗೂ ಗೊತ್ತೈತಿ. ಯಾಕ ಚಾಲೂ ಆಗವಲ್ದು, ಅದನ್ನ ಹೇಳು.”

ನಾನು ಡೀಸೆಲ್ ಇಂಜಿನ್ನಿನ ಇತಿಹಾಸದಿಂದ ಶುರುಮಾಡಿದೆ. ಅಷ್ಟರಲ್ಲಿ ಹೆಂಡತಿ ಹೊರಗೆ ಬಂದು ಟ್ಯಾಂಕಿನ ಮುಚ್ಚಳ ತಿರುವಿ ಇಣುಕಿದಳು. “ಮಾಮಾ, ಡೀಸೆಲ್ಲೇ ಇಲ್ಲಲ್ಲ.”

ಅದು ಮಾಮನದೇ ತಪ್ಪು. ಆದರೂ ಅವರು ನೋಡಿದ್ದು ನನ್ನನ್ನು. “ನೀ ಟ್ಯಾಂಕ್ ಸುದ್ದಾ ನೋಡಂಗಿಲ್ಲ ಅಂತ ವಿಮಾನ ಹತ್ತೋ ಮಂದಿಗೆ ಗೊತ್ತೈತೇನಪ?”

ಮರ್ಯಾದೆ ಉಳಿಸಿಕೊಳ್ಳಲು ಅದೇ ಸಂಜೆ ಅವರ ಇಂಜಿನ್ನಿನ ಮೇಲೂ ಒಂದು ಲೇಖನ ಬರೆದು ಮೊಬೈಲಿಗೆ ಕಳಿಸಿದೆ. ಜೊತೆಗೆ ವಿಶ್ವಕೋಶದಲ್ಲಿರುವ ನನ್ನ ಸರಣಿಯ ಕೊಂಡಿಯನ್ನೂ ಕಳಿಸಿದೆ. ಅದನ್ನು ಕಳಿಸಬಾರದಿತ್ತು.

೨. ಬೀಳ್ಕೊಡುಗೆ

ವಿಶ್ವಕೋಶಕ್ಕೆ ಒಬ್ಬ ಪರಿಶೀಲಕರಿದ್ದಾರೆ. ನಾನು ಅವರ ಮುಖ ನೋಡಿಲ್ಲ. ಒಂದು ಸೋಮವಾರ ಅವರ ಸಂದೇಶ ಬಂತು. ‘ಒಂದೇ ಭಾಗಕ್ಕೆ ಒಂದೆಡೆ ಸಂಪೀಡಕ, ಇನ್ನೊಂದೆಡೆ ಕಂಪ್ರೆಸರ್ ಎಂದಿದ್ದೀರಿ. ಕೆಲವು ಇಂಜಿನ್ನುಗಳಿಗೆ ತೂಕವಿದೆ, ಕೆಲವಕ್ಕಿಲ್ಲ. ಭಾನುವಾರದೊಳಗೆ ಮೂವತ್ತೊಂದನ್ನೂ ಏಕರೂಪಕ್ಕೆ ತನ್ನಿ. ಇಲ್ಲವಾದರೆ ಸರಣಿಯನ್ನು ಅಳಿಸಬೇಕಾಗುತ್ತದೆ.’

ಎರಡು ವರ್ಷದ ಕೆಲಸ. ಅಂದಿನಿಂದ ತಲೆಯಲ್ಲಿ ಲೇಖನದ ಉಪಶೀರ್ಷಿಕೆಗಳು, ಇತಿಹಾಸ, ವಿನ್ಯಾಸ, ರೂಪಾಂತರಗಳು, ಬಳಕೆ, ತೂಕ ಇವಿಷ್ಟೇ. ಶನಿವಾರ ನಮ್ಮ ಪ್ರಾಂಶುಪಾಲರ ಬೀಳ್ಕೊಡುಗೆ. ಮಾತು ಕಡಿಮೆ ಆಡುವವನೆಂದು ಭಾಷಣಕ್ಕೆ ನನ್ನನ್ನೇ ಎಬ್ಬಿಸಿದರು.

“ಇವರು ಮೂಲತಃ ಮರಿಯಮ್ಮನಹಳ್ಳಿಯಲ್ಲಿ ಸಿದ್ಧವಾದವರು. ಆರಂಭದಲ್ಲಿ ಪ್ರೌಢಶಾಲೆಗಳಲ್ಲಿ ಬಳಕೆಯಲ್ಲಿದ್ದರು. ಕೆಲವು ಸುಧಾರಣೆಗಳ ನಂತರ ಕಾಲೇಜಿಗೆ ಅಳವಡಿಸಲಾಯಿತು. ಇವರ ಮೂರು ರೂಪಾಂತರಗಳು ಮುಂದಿನ ಸಾಲಿನಲ್ಲಿ ಕುಳಿತಿವೆ.”

ಅವರ ಮೂವರು ಮಕ್ಕಳೂ ನನ್ನನ್ನು ನೋಡಿದರು. ಇಡೀ ಕಾಲೇಜಿನಲ್ಲಿ ನನ್ನ ಲೇಖನ ಓದಿದ್ದವರು ಪ್ರಾಂಶುಪಾಲರೊಬ್ಬರೇ. ಹಾರ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದರು, “ತೂಕ ಬಿಟ್ರಿ ನೋಡ್ರಿ. ತೊಂಬತ್ತೆರಡು ಕೆ.ಜಿ., ಬರಕೊಳ್ರಿ.”

೩. ಅಚ್ಚು

ಭಾನುವಾರ ಬೆಳಿಗ್ಗೆ ಕುಳಿತೆ. ಉಳಿದವನ್ನು ಎರಕ ಹೊಯ್ಯಲು ಎಲ್ಲ ವಿವರ ತುಂಬಿರುವ ಒಂದು ಲೇಖನ ಅಚ್ಚಿಗೆ ಬೇಕಿತ್ತು. ಮೂವತ್ತೊಂದರಲ್ಲಿ ಒಂದೂ ಪೂರ್ತಿ ಇರಲಿಲ್ಲ. ಪೂರ್ತಿ ಇದ್ದದ್ದು ಮಾಮನ ಇಂಜಿನ್ನಿನದು. ನಾನು ಕಣ್ಣಾರೆ ಕಂಡು ಬರೆದದ್ದು ಅದೊಂದೇ ತಾನೆ. ಅದನ್ನೇ ಅಚ್ಚು ಮಾಡಿಕೊಂಡು ಹೆಸರು, ಇತಿಹಾಸ, ವಿನ್ಯಾಸ, ರೂಪಾಂತರ, ತೂಕ ಬದಲಿಸುತ್ತ ಹೋದೆ. ಸಂಜೆ ಐದಕ್ಕೆ ಮೂವತ್ತೊಂದೂ ಮುಗಿದವು.

ಆರಕ್ಕೆ ಪರಿಶೀಲಕರ ಉತ್ತರ ಬಂತು. ‘ಇಂಥ ಏಕರೂಪತೆಯನ್ನು ನಾನು ಈವರೆಗೆ ಕಂಡಿಲ್ಲ. ಸರಣಿಯನ್ನು ಉಳಿಸಿಕೊಳ್ಳಲಾಗಿದೆ.’ ಹೆಂಡತಿಯನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದೆ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ಕೆಳಗಿನ ಸಾಲು ಓದಿದಳು. ‘ಒಂದೇ ಕೊರತೆ. ಪ್ರತಿ ಲೇಖನದ ಬಳಕೆ ಭಾಗದಲ್ಲಿ, ಈ ಇಂಜಿನ್ನನ್ನು ಮುಖ್ಯವಾಗಿ ಕಂಪ್ಲಿಯಲ್ಲಿ ಕಬ್ಬಿನ ಹೊಲಕ್ಕೆ ನೀರೆತ್ತಲು ಬಳಸುತ್ತಾರೆ ಎಂದಿದೆ. ದಯವಿಟ್ಟು ಆಧಾರ ಒದಗಿಸಿ.’

ತಿದ್ದಲು ಕೈ ಎತ್ತುವಷ್ಟರಲ್ಲಿ ಮಾಮನ ಫೋನ್ ಬಂತು.

“ಕೊಂಡಿ ಒತ್ತಿ ನೋಡಿದ್ನೆಪ. ಅಷ್ಟೂ ಇಂಜಿನ್ ನಮ್ಮೂರಾಗ ಅದಾವಂತ ಬರದೀಯಲ್ಲ. ಭಾಳ ಛಲೋ ಆತು.”

“ತಪ್ಪಾಗಿದೆ ಮಾಮಾ. ಅದಕ್ಕೆ ಆಧಾರ ಬೇರೆ ಕೇಳ್ತಿದಾರೆ. ಈಗಲೇ ತೆಗೀತೀನಿ.”

“ತೆಗೀಬ್ಯಾಡ. ನನ್ನ ನಂಬರ್ ಕೊಡು, ಫೋನ್ ಮಾಡಿದ್ರ ಹೌದಂತೀನಿ.” ಫೋನ್ ಇಡುವ ಮೊದಲು ಸೇರಿಸಿದರು, “ಅದರಾಗ ಡೀಸೆಲ್ ಐತೇನು ಅಂತ ಮಾತ್ರ ಕೇಳಬ್ಯಾಡ್ರಿ ಅನ್ನು ಅವರಿಗೆ.”