ಬೂದಿ ಬಣ್ಣದ ಖೋಲಿ

ಸಿದ್ದಲಿಂಗೇಶನಿಗೆ ಬೇಕಾಗಿದ್ದದ್ದು ಒಂದು ಖುರ್ಚಿ, ಒಂದು ಕಿಟಕಿ, ಯಾರೂ ಮಾತಾಡದ ಒಂದು ತಾಸು. ಮೂರರಲ್ಲಿ ಖುರ್ಚಿ ಆಗಲೇ ಮನೆಯಲ್ಲಿತ್ತು.

ಅವನು ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಹೋಗಿ ಬರುವ ಮನುಷ್ಯ. ಬಸ್ಸಿನಲ್ಲಿ ಪಕ್ಕದವರು ತಮ್ಮ ಬೀಗರ ಕತೆಯನ್ನೆಲ್ಲ ಅವನ ಕಿವಿಗೆ ಸುರಿಯುತ್ತಿದ್ದರು. ಕಚೇರಿಯಲ್ಲಿ ಸಹೋದ್ಯೋಗಿಗಳು ತಮ್ಮ ಹೊಟ್ಟೆನೋವಿನಿಂದ ಹಿಡಿದು ಹೊಲದ ಬದುವಿನ ಜಗಳದವರೆಗೆ ಎಲ್ಲವನ್ನೂ ಅವನಿಗೇ ಹೇಳುತ್ತಿದ್ದರು. ಸುಮ್ಮನಿರುವವನನ್ನು ಕಂಡರೆ ಮಂದಿಗೆ ಮಾತಾಡುವ ಹುಕಿ ಬರುತ್ತದೆ, ಖಾಲಿ ಕೊಡ ಕಂಡ ನಳದ ಹಾಗೆ. ಸಂಜೆ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಅವ್ವ ಕರೆವ್ವ, ಎದುರುಮನೆಯ ಮುತ್ತವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿರುತ್ತಿದ್ದರು. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಕೈ ನಿಂತರೆ ಮಾತ್ರ ಬಾಯಿ ನಿಲ್ಲುತ್ತದೆ. ಕೈ ನಿಂತದ್ದನ್ನು ಅವನು ಈವರೆಗೆ ಕಂಡಿರಲಿಲ್ಲ.

ಮನೆಯ ಹಿಂದುಗಡೆ ಒಂದು ಸಣ್ಣ ಖೋಲಿ ಇತ್ತು. ಅಪ್ಪ ಇದ್ದಾಗ ಅದರ ತುಂಬ ಮೆಣಸಿನಕಾಯಿ ಚೀಲ. ಈಗ ಮನೆಖರ್ಚಿನ ಒಂದು ಚೀಲ ಬಿಟ್ಟರೆ ಬರೀ ಧೂಳು. ಸಿದ್ದಲಿಂಗೇಶ ಆ ಖೋಲಿಗೆ ಕಾಲಿಟ್ಟರೆ ಸೀನು ಶುರುವಾಗುತ್ತಿತ್ತು. ಬ್ಯಾಡಗಿಯಲ್ಲಿ ಹುಟ್ಟಿ ಮೆಣಸಿನಕಾಯಿಗೆ ಸೀನುವ ಮಗನನ್ನು ಅಪ್ಪ ಯಾವತ್ತೋ ಕೈಬಿಟ್ಟಿದ್ದ. "ಇಂವ ನಮ್ಮ ದಂಧೇಕ ಬರೂದಿಲ್ಲ, ಇಂವಗ ಓದ ಹಚ್ಚರಿ" ಎಂದು ಸಾಲಿಗೆ ಕಳಿಸಿದ್ದ. ಹಾಗೆ ಅವನು ಬಿ.ಎ. ಆದ.

ಆ ಖೋಲಿಯನ್ನು ತನ್ನದಾಗಿ ಮಾಡಿಕೊಳ್ಳಬೇಕೆಂದು ಅವನು ಆರು ತಿಂಗಳಿಂದ ಯೋಚಿಸುತ್ತಿದ್ದ. ಹೆಂಡತಿ ಶ್ರೀದೇವಿಗೂ ಅದರ ಮೇಲೆ ಕಣ್ಣಿತ್ತು. ಅವಳು ಓಣಿಯ ಹೆಣ್ಣುಮಕ್ಕಳಿಗೆ ಕುಬಸ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಮಷೀನು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತು, ಹೋಗಿ ಬರುವವರ ಮೊಳಕಾಲು ತಡವುತ್ತಿತ್ತು.

ಶನಿವಾರ ರಾತ್ರಿ ರೊಟ್ಟಿ ಬಡಿಸುತ್ತ ಅವಳು ಹೇಳಿದಳು. "ನಾ ನಾಳೆ ಹಲಗೇರಿಗೆ ಹೊಂಟೇನ್ರಿ, ಅವ್ವನ ನೋಡಿ ಸಂಜೀಕ ಬರ್ತೇನಿ. ಅಷ್ಟರೊಳಗ ಖೋಲಿ ಆಗಿತ್ತಂದ್ರ ಅದು ನಿಮ್ಮದು. ಆಗಿರಲಿಲ್ಲಂದ್ರ ನನ್ನ ಮಷೀನ ಒಳಗ ಹೋಗತೈತಿ."

"ಒಂದ ದಿನದಾಗ ಹೆಂಗ ಆಕ್ಕೈತಿ?"

"ಆರು ತಿಂಗಳದಾಗ ಆಗಲಿಲ್ಲಲ್ರಿ, ಒಂದ ದಿನದಾಗ ಆದ್ರೂ ಆದೀತು."

ಅವಳ ಮಾತು ಸುಳ್ಳಾಗಿರಲಿಲ್ಲ. ಆರು ತಿಂಗಳು ಕಳೆದದ್ದು ಬಣ್ಣ ಆರಿಸುವುದರಲ್ಲಿ. ಅಂಗಡಿಯ ದುರುಗೇಶ ಕೊಟ್ಟ ಬಣ್ಣದ ಪಟ್ಟಿಯನ್ನು ಸಿದ್ದಲಿಂಗೇಶ ಜಾತಕ ನೋಡುವವರಂತೆ ನೋಡಿದ್ದ. ಮೌನದ ಬಣ್ಣ ಯಾವುದಿದ್ದೀತು? ಬಿಳಿ ಎಂದರೆ ದವಾಖಾನೆ, ಅಲ್ಲಿ ನರಳಾಟ. ಹಸಿರು ಎಂದರೆ ಹೊಲ, ಅಲ್ಲಿ ಪಂಪ್‌ಸೆಟ್ಟಿನ ಸಪ್ಪಳ. ನೀಲಿಯ ಮುಂದೆ ಒಂದು ತಿಂಗಳು ನಿಂತು, ಕೊನೆಗೆ ಬೂದಿ ಬಣ್ಣಕ್ಕೆ ಬಂದಿದ್ದ. ಉರಿಯುವುದನ್ನೆಲ್ಲ ಉರಿದು, ಹೇಳುವುದನ್ನೆಲ್ಲ ಹೇಳಿ ಮುಗಿಸಿ, ತಣ್ಣಗೆ ಕುಳಿತ ಬಣ್ಣ. ಆಮೇಲೆ ಖುರ್ಚಿಯ ಮುಖ ಕಿಟಕಿಯ ಕಡೆಗೋ ಗೋಡೆಯ ಕಡೆಗೋ ಎಂಬ ಪ್ರಶ್ನೆ ಎದ್ದಿತ್ತು. ಅದಿನ್ನೂ ತೀರ್ಮಾನವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಶ್ರೀದೇವಿ ಬಸ್ಸು ಹತ್ತಿದಳು. ಸಿದ್ದಲಿಂಗೇಶ ಮೂಗಿಗೆ ಟವೆಲ್ ಕಟ್ಟಿಕೊಂಡು ಮೆಣಸಿನಕಾಯಿ ಚೀಲವನ್ನು ಪಡಸಾಲೆಗೆ ಎಳೆದು ಹಾಕಿದ. ಪ್ರತಿ ಹೆಜ್ಜೆಗೂ ಒಂದು ಸೀನು. ಖೋಲಿ ಗುಡಿಸಿ, ತೊಳೆದು, ಒರೆಸುವಷ್ಟರಲ್ಲಿ ಪೇಂಟರ್ ಫಕ್ಕೀರೇಶ ತನ್ನ ಟಂಟಂ ಗಾಡಿಯೊಂದಿಗೆ ಬಂದ. ಗಾಡಿಯಲ್ಲಿ ಊರ ಮನೆಗಳಲ್ಲಿ ಉಳಿದ ಬಣ್ಣದ ಡಬ್ಬಿಗಳೆಲ್ಲ ಇದ್ದವು. ಫಕ್ಕೀರೇಶನ ಕೈಯಲ್ಲಿ ಒಳ್ಳೆಯ ಕೆಲಸವಿತ್ತು. ಬಾಯಲ್ಲಿ 'ಆಗೂದಿಲ್ಲ' ಎಂಬ ಮಾತಿರಲಿಲ್ಲ. ಇವತ್ತು ಎದುರಿಗೆ ನಿಂತವರು ನಾಳೆ ಬಣ್ಣ ಹೊಡೆಸುವವರು ಎಂಬುದು ಅವನ ಲೆಕ್ಕ.

ಒಂದು ಗೋಡೆ ಬೂದಿಯಾಯಿತು. ಸಿದ್ದಲಿಂಗೇಶ ಕೈಕಟ್ಟಿಕೊಂಡು ನೋಡಿದ. ಎದೆಯೊಳಗೆ ಏನೋ ಇಳಿದು ಕುಳಿತಂತಾಯಿತು.

"ಯಪ್ಪಾ, ಇದೇನ ಬಳಿಸಾಕತ್ತೀದಿ?" ಬಾಗಿಲಲ್ಲಿ ಅವ್ವ. "ಮೂರು ದಿನದ ಕಾರ್ಯ ಮಾಡಿದ ಮನಿ ಕಂಡಂಗ ಕಾಣತೈತಿ. ಅರಿಶಿಣ ಹಚ್ಚು. ಕಣ್ಣಿಗೆ ಹಿತ, ಮನಿಗೆ ಛಲೋ."

"ಅವ್ವಾ, ನನಗ ಇದ ಬೇಕು."

"ಬೇಕಾದ್ರ ಬೇಕು. ಒಂದ ಮೂಲ್ಯಾಗ ಜರಾ ಹಚ್ಚಿ ನೋಡಾಕೇನು? ಫಕ್ಕೀರೇಶಾ, ಅರಿಶಿಣ ಐತೇನ?"

"ಐತ್ರಿ ಅಮ್ಮಾರ" ಎಂದ ಫಕ್ಕೀರೇಶ, ಬೂದಿಯ ಬ್ರಷ್ ಕೆಳಗಿಟ್ಟ.

ಎದುರು ಗೋಡೆಯ ಮೂಲೆಯಲ್ಲಿ ಕೈಯಗಲ ಅರಿಶಿಣ ಬಿತ್ತು. ಅದು ಆರುವ ಮೊದಲೇ ಮುತ್ತವ್ವ ಮೊಮ್ಮಗಳು ಕಾವ್ಯಾಳನ್ನು ಕರೆದುಕೊಂಡು ಬಂದಳು. ಕಾವ್ಯಾ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವ ಹುಡುಗಿ, ಫೋನಿನಲ್ಲಿ ದಿನಕ್ಕೊಂದು ಮನೆ ಕಟ್ಟಿ ಕೆಡವುವವಳು.

"ಗಿಣಿ ಹಸಿರು ಹಚ್ಚಸೋ ಲಿಂಗೇಶಾ" ಎಂದಳು ಮುತ್ತವ್ವ. "ಕಾಗಿನೆಲ್ಯಾಗ ನಮ್ಮ ತಂಗಿ ಮನಿಗೆ ಅದ ಐತಿ. ಒಳಗ ಹೋದ್ರ ಹೊರಗ ಬರಾಕ ಮನಸ ಆಗೂದಿಲ್ಲ."

"ಅಜ್ಜಿ, ಅದು ಹಳೇದಾತು" ಎಂದಳು ಕಾವ್ಯಾ. "ಮಾಮಾ, ಲ್ಯಾವೆಂಡರ್ ಹಚ್ಚಸ್ರಿ. ಈಗ ಎಲ್ಲಾರೂ ಅದನ್ನ ಮಾಡಸಾಕತ್ಯಾರ."

"ಹಂಗಂದ್ರ ಯಾವ ಬಣ್ಣವಾ?" ಎಂದಳು ಕರೆವ್ವ.

"ಬದನಿಕಾಯಿಗೆ ಹಾಲು ಹಾಕಿದಂಗ."

ಫಕ್ಕೀರೇಶ ಎರಡೂ ಡಬ್ಬಿ ತಂದ. ಸಿದ್ದಲಿಂಗೇಶ ಬೇಡವೆನ್ನಲು ಬಾಯಿ ತೆರೆದ. ಆದರೆ ಬೇಡ ಎಂಬುದನ್ನು ಯಾರ ಮನಸ್ಸೂ ನೋಯದಂತೆ ಹೇಳುವುದು ಹೇಗೆಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಎರಡು ತೇಪೆಗಳೂ ಗೋಡೆಯ ಮೇಲಿದ್ದವು.

ಹೊತ್ತೇರಿದಾಗ ಪಕ್ಕದ ಮನೆಯ ಕರಬಸಪ್ಪ ಬಂದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಈಗಲೂ ನಾಲ್ಕು ಜನ ನಿಂತಲ್ಲಿ 'ಮುಂದ ನಡೀರಿ, ಮುಂದ ನಡೀರಿ' ಎನ್ನುತ್ತಲೇ ಒಳಗೆ ಬರುತ್ತಿದ್ದ.

"ತಮ್ಮಾ, ಬಣ್ಣ ಹೆಂಗರ ಇರಲಿ, ಖುರ್ಚಿ ಎಲ್ಲಿ ಇಡಾಂವ?"

ಸಿದ್ದಲಿಂಗೇಶನಿಗೆ ಸಂತೋಷವಾಯಿತು. ಸರಿಯಾದ ಪ್ರಶ್ನೆ ಕೇಳಿದವರು ಇವರೊಬ್ಬರೇ. "ಅದ ತಿಳಿವಲ್ದು ಕಾಕಾ. ಕಿಡಕಿ ಕಡೆ ಮಾಡಿದ್ರ ಬೆಳಕು ಛಲೋ. ಗ್ವಾಡಿ ಕಡೆ ಮಾಡಿದ್ರ ಮನಸ ನಿಲ್ಲತೈತಿ."

"ಎರಡೂ ಅಲ್ಲ. ಬಾಗಲಾ ನೋಡಕೋಂತ ಇರಬೇಕು. ಯಾರ ಹತ್ತಿದ್ರು, ಯಾರ ಇಳದ್ರು ಗೊತ್ತಾಗತೈತಿ." ಅವನು ಗೋಡೆಯನ್ನು ನೋಡಿ ಮುಖ ಸಿಂಡರಿಸಿದ. "ಇಷ್ಟೆಲ್ಲಾ ಬಣ್ಣದಾಗ ಕೆಂಪು ಒಂದೂ ಇಲ್ಲಲೋ. ನಮ್ಮ ಬಸ್ಸಿನ ಕೆಂಪು, ದೂರಿಂದ ಕಾಣತಿತ್ತು. ಏ ಫಕ್ಕೀರೇಶ."

"ಬಂದೆನ್ರೀ" ಎಂದು ಸ್ಟೂಲಿನ ಮೇಲಿಂದಲೇ ತಿರುಗಿದ ಫಕ್ಕೀರೇಶನ ಕಾಲು ಬೂದಿಯ ಬಕೆಟ್ಟಿಗೆ ತಾಗಿತು. ಬಕೆಟ್ ಯಾವ ಸದ್ದೂ ಮಾಡದೆ ಮಲಗಿತು. ಮೌನದ ಬಣ್ಣ ನೆಲದ ಮೇಲೆ ಹರಿದು, ಬಚ್ಚಲ ದಾರಿ ಹಿಡಿದು, ಮೋರಿಯಲ್ಲಿ ಇಳಿದು ಹೋಯಿತು.

"ಒಂದ ಗ್ವಾಡಿ ಆಗೇತಲ್ರಿ" ಎಂದು ಫಕ್ಕೀರೇಶ ಸಮಾಧಾನ ಹೇಳಿದ.

ಸಿದ್ದಲಿಂಗೇಶ ಚಪ್ಪಲಿ ಮೆಟ್ಟಿ ಪೇಟೆಗೆ ಓಡಿದ. ದುರುಗೇಶನ ಅಂಗಡಿಗೆ ಬೀಗ. ಪಕ್ಕದ ಕಿರಾಣಿಯವನು, "ರಾಣೆಬೆನ್ನೂರಾಗ ಮದುವಿಗೆ ಹೋಗ್ಯಾನ್ರಿ" ಎಂದ. ಸಂಜೆಯೊಳಗೆ ಖೋಲಿ ಆಗಬೇಕೆಂಬ ಶ್ರೀದೇವಿಯ ಮಾತು ನೆನಪಾಗಿ ಸಿದ್ದಲಿಂಗೇಶ ಸಿಕ್ಕ ಬಸ್ಸು ಹತ್ತಿದ. ಕಲ್ಯಾಣಮಂಟಪದಲ್ಲಿ ದುರುಗೇಶ ಗೋದಿ ಹುಗ್ಗಿಯ ಮುಂದೆ ಕುಳಿತಿದ್ದ.

"ಬರ್ರಿ ಬರ್ರಿ, ಕುಂದರ್ರಿ. ಮೊದಲ ಊಟಾ ಮಾಡ್ರಿ."

"ದುರುಗೇಶಣ್ಣಾ, ಬೂದಿ ಬಣ್ಣ ಇನ್ನೊಂದ ಡಬ್ಬಿ ಬೇಕಾಗಿತ್ತು."

"ಎಲಿ ಮುಂದ ಬೂದಿ ಮಾತು ಬ್ಯಾಡ್ರಿ. ಕುಂದರ್ರಿ."

ಗುರುತಿಲ್ಲದ ವರನ ಮಾವ ಕೈಹಿಡಿದು ಕೂರಿಸಿದ. ಕೈ ಬಿಡಿಸಿಕೊಂಡು ಏಳುವಷ್ಟು ಒರಟುತನ ಸಿದ್ದಲಿಂಗೇಶನಲ್ಲಿ ಇರಲಿಲ್ಲ. ಹುಗ್ಗಿಗೆ ತುಪ್ಪ ಬಿತ್ತು, ಆಮೇಲೆ ಹಾಲು ಬಿತ್ತು, ಆಮೇಲೆ ಅನ್ನ ಬಂತು. ಕೈತೊಳೆಯುವಾಗ ದುರುಗೇಶ ನಿಧಾನವಾಗಿ ಹೇಳಿದ. "ಆ ಬಣ್ಣ ಮುಗೀತ್ರಿ. ಮೂರು ವರ್ಷದಿಂದ ಒಂದ ಡಬ್ಬಿ ಕುಂತಿತ್ತು. ಯಾರ ಒಯ್ತಾರಪಾ ಅಂತ ನಾನೂ ನೋಡಾಕತ್ತಿದ್ದೆ. ನೀವು ಬಂದ್ರಿ."

ಅವನು ಮರಳಿ ಬ್ಯಾಡಗಿಯಲ್ಲಿ ಇಳಿದಾಗ ಬಿಸಿಲು ಬಾಗಿತ್ತು. ಮನೆಗೆ ಬಂದು ಖೋಲಿಯ ಬಾಗಿಲಲ್ಲಿ ನಿಂತವನು ಅಲ್ಲೇ ನಿಂತ.

ನಾಲ್ಕೂ ಗೋಡೆಗಳು ತುಂಬಿಹೋಗಿದ್ದವು. ಅರಿಶಿಣ, ಗಿಣಿ ಹಸಿರು, ಲ್ಯಾವೆಂಡರ್, ಬಸ್ಸಿನ ಕೆಂಪು. ಚೌಕ ಚೌಕವಾಗಿ, ಒಂದರ ಮಗ್ಗುಲಿಗೆ ಒಂದು. ಬೆಳಗಿನ ಬೂದಿ ಎಲ್ಲಿಯೂ ಇರಲಿಲ್ಲ.

"ಏನಿದು ಫಕ್ಕೀರೇಶಾ?"

ಫಕ್ಕೀರೇಶ ಬ್ರಷ್ ಹಿಂಡುತ್ತ ಹೇಳಿದ. "ನಂದೇನ ತಪ್ಪಿಲ್ರಿ ಸರ್. ಕಾಕಾರ ಕೆಂಪು ಚೂರು ದೊಡ್ಡದಾತು. ಮುತ್ತವ್ವಾರು, ಅವರದು ದೊಡ್ಡದು ನಂದ್ಯಾಕ ಸಣ್ಣದು ಅಂದ್ರು. ಹಸಿರು ದೊಡ್ಡದು ಮಾಡಿದೆ. ಅಮ್ಮಾರು, ಮನಿ ನಮ್ಮದು ಅರಿಶಿಣ ಸಣ್ಣದು ಅಂದ್ರು. ಹಂಗ ಸಮಾ ಮಾಡಕೋಂತ ಮಾಡಕೋಂತ ಗ್ವಾಡಿ ಮುಗದುವು."

"ಬೂದಿ ಗ್ವಾಡಿ ಆಗಿತ್ತಲ್ಲೋ."

"ಅದೊಂದ ಖಾಲಿ ಕಾಣಾಕತ್ತಿತ್ರಿ."

ಸಿದ್ದಲಿಂಗೇಶ ಗೋಡೆಗೆ ಒರಗಬೇಕೆಂದುಕೊಂಡ. ಹಸಿ ಇತ್ತು. ಅಷ್ಟರಲ್ಲಿ ಹಿಂದಿನಿಂದ ಬಳೆ ಸದ್ದಾಯಿತು. ಶ್ರೀದೇವಿ ಬಂದಿದ್ದಳು, ಕೈಯಲ್ಲಿ ತವರಿನ ಚೀಲ. ಅವಳು ಒಳಗೆ ಕಾಲಿಟ್ಟು ಒಂದು ಸುತ್ತು ನೋಡಿದಳು. ಎಲ್ಲರೂ ಸುಮ್ಮನಾದರು. ಆ ಖೋಲಿಯಲ್ಲಿ ಅವತ್ತು ಹುಟ್ಟಿದ ಮೊದಲ ಮೌನ ಅದು. ಅದನ್ನೂ ಸಿದ್ದಲಿಂಗೇಶ ಅನುಭವಿಸುವ ಸ್ಥಿತಿಯಲ್ಲಿರಲಿಲ್ಲ.

"ನಮ್ಮವ್ವ ಹೊಲಿಯೋ ಕೌದಿ ಇದ್ದಂಗ ಐತಲ್ರಿ" ಎಂದಳು ಶ್ರೀದೇವಿ. ಅವಳ ಕಣ್ಣು ಅರಳಿದ್ದವು. "ಇಷ್ಟ ದಿನ ಇದನ್ನ ಯೋಚನಿ ಮಾಡಾಕತ್ತಿದ್ರೇನು? ನನಗ ಹೇಳೇ ಇಲ್ಲ."

"ಅಂದ್ರ, ಖೋಲಿ ಆತು ಅಂತೇನು?"

"ಆತಲ್ರಿ. ಮಾತು ಅಂದ್ರ ಮಾತು. ಖೋಲಿ ನಿಮ್ಮದು. ಮಷೀನ ಅಲ್ಲೇ ಇರಲಿ."

ಸಿದ್ದಲಿಂಗೇಶನಿಗೆ ನಂಬಿಕೆ ಬರಲಿಲ್ಲ. ಬಣ್ಣ ಹೋದರೆ ಹೋಯಿತು, ಕಣ್ಣು ಮುಚ್ಚಿಕೊಂಡು ಕುಳಿತರಾಯಿತು. ಅವನು ಖುರ್ಚಿ ತಂದು ಖೋಲಿಯ ನಡುವೆ ಇಟ್ಟ, ಯಾವ ಕಡೆ ಮುಖ ಎಂದು ಯೋಚಿಸತೊಡಗಿದ. ಯೋಚಿಸುತ್ತಿರುವಾಗ ಕರಬಸಪ್ಪ ಅದನ್ನು ಬಾಗಿಲ ಕಡೆ ತಿರುಗಿಸಿ ಕುಳಿತ.

"ಒಂದ ಚಾ ಆಗಲಿ" ಎಂದ.

ಚಹಾ ಬಂತು. ಕರೆವ್ವ ಅರಿಶಿಣದ ಕೆಳಗೆ ಚಾಪೆ ಹಾಸಿದಳು. ಮುತ್ತವ್ವ ಗಿಣಿ ಹಸಿರಿನ ಕೆಳಗೆ ಕಾಲು ಚಾಚಿದಳು. ಕಾವ್ಯಾ ಲ್ಯಾವೆಂಡರಿನ ಮುಂದೆ ನಿಂತು ಫೋಟೋ ತೆಗೆದುಕೊಂಡಳು. ಎಲ್ಲರೂ ತಂತಮ್ಮ ಬಣ್ಣದ ಹತ್ತಿರ, ತಂತಮ್ಮ ಹೊಲದಲ್ಲಿ ಕುಳಿತವರ ಹಾಗೆ. ಚಹಾ ಮುಗಿಯಿತು, ಮಾತು ಮುಗಿಯಲಿಲ್ಲ.

"ಇನ್ನ ಹೊರಗ ಕಟ್ಟಿ ಮ್ಯಾಲ ಯಾಕ ಕುಂದರೂದು" ಎಂದಳು ಮುತ್ತವ್ವ. "ಇಲ್ಲೇ ತಂಪೈತಿ."

ಸಿದ್ದಲಿಂಗೇಶನ ಕಣ್ಣು ಪಡಸಾಲೆಯ ಮೆಣಸಿನಕಾಯಿ ಚೀಲದ ಮೇಲೆ ಬಿತ್ತು. ಅವನ ಇಡೀ ಬಾಳಿನಲ್ಲಿ ಹೊಳೆದ ಒಂದೇ ಒಂದು ಕುಟಿಲ ಉಪಾಯ ಆಗ ಹೊಳೆಯಿತು. ಮೂಗಿಗೆ ಟವೆಲ್ ಬಿಗಿದುಕೊಂಡು ಚೀಲವನ್ನು ಎಳೆದು ತಂದ, ಖೋಲಿಯ ನಡುವೆ ನಿಲ್ಲಿಸಿ, ಬಾಯಿ ಬಿಚ್ಚಿ, ಎರಡು ಸಲ ಜೋರಾಗಿ ಕೊಡವಿದ. ಕೆಂಪು ಧೂಳು ಎದ್ದಿತು.

"ಹಳೇ ಜಾಗಾದಾಗ ಇಡಬೇಕಲ್ಲ, ಅದಕ್ಕ" ಎಂದ.

ಕೋಪದಲ್ಲಿ ಅವನು ಒಂದನ್ನು ಮರೆತಿದ್ದ. ಅದು ಬ್ಯಾಡಗಿ ಮೆಣಸಿನಕಾಯಿ. ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅಲ್ಲಿ ಕುಳಿತವರೆಲ್ಲ ಆ ಧೂಳಿನಲ್ಲೇ ತೊಟ್ಟಿಲು ತೂಗಿಸಿಕೊಂಡವರು. ಯಾರ ಮೂಗೂ ಮಿಸುಕಲಿಲ್ಲ. ಟವೆಲ್ಲಿನ ಹಿಂದಿನಿಂದ ಒಂದು ಸೀನು ಬಂತು, ಅದರ ಬೆನ್ನಿಗೆ ಇನ್ನೊಂದು.

"ಶಾಣ್ಯಾ ಅದೀ ನೋಡು" ಎಂದು ಮುತ್ತವ್ವ ಚೀಲಕ್ಕೆ ಕೈಹಾಕಿದಳು. "ಖಾಲಿ ಕೈಲೆ ಕುಂತು ಬ್ಯಾಸರಾಗಿತ್ತು. ಕರೆವ್ವಾ, ಮೊರ ತೊಗೊಂಬಾ."

ತೊಟ್ಟುಗಳು ಚಟಚಟ ಮುರಿಯತೊಡಗಿದವು. ಹೊಸ ಕತೆಯೊಂದು ಶುರುವಾಯಿತು.

ಸಿದ್ದಲಿಂಗೇಶ ಸೀನುತ್ತ ಸೀನುತ್ತ ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಹೊರಗಿನ ಕಟ್ಟೆಗೆ ಬಂದು ಕುಳಿತ. ಮೂಗು ಒರೆಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಏನೋ ಕಡಿಮೆಯಾದಂತೆ ಅನಿಸಿ ಸುತ್ತ ನೋಡಿದ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಓಣಿಯಲ್ಲಿಯೂ ಇರಲಿಲ್ಲ. ಎದುರು ಬೇವಿನ ಗಿಡದಿಂದ ಒಂದು ಎಲೆ ಕಳಚಿ, ತಿರುಗುತ್ತ ತಿರುಗುತ್ತ ಇಳಿದು, ಅವನ ಕಾಲ ಹತ್ತಿರ ಬಂದು ಕುಳಿತಿತು. ಅದು ನೆಲ ಮುಟ್ಟಿದ್ದು ಅವನಿಗೆ ಕೇಳಿಸಿತು. ಸಂಜೆಯ ಬೆಳಕು ಓಣಿಯ ಮೇಲೆ ತೆಳ್ಳಗೆ ಹಾಸಿತ್ತು, ನಸು ಬೂದಿ ಬಣ್ಣ.

ಆರು ತಿಂಗಳು ಹುಡುಕಿದ್ದು ಹೊಸ್ತಿಲ ಹೊರಗೇ ಇತ್ತು. ಅವನು ಕಾಲು ಮಡಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದ.

ಒಳಗೆ ಕರೆವ್ವನ ಧ್ವನಿ ಕೇಳಿತು. "ಲಿಂಗೇಶ ಎಲ್ಲಿ ಹೋದ?"

"ಹೊರಗ ಒಬ್ಬನ ಕುಂತಾನ" ಎಂದ ಕರಬಸಪ್ಪ. ಬಾಗಿಲ ಕಡೆ ಮುಖ ಮಾಡಿದ ಖುರ್ಚಿಯಿಂದ ಬೀದಿಬಾಗಿಲವರೆಗೆ ಎಲ್ಲ ಕಾಣುತ್ತಿತ್ತು.

"ಒಬ್ಬನ?" ಮುತ್ತವ್ವನ ಕರುಳು ಚುರ್ ಎಂದಿತು. "ಪಾಪ, ದಿನಾ ಮಂದಿ ನಡಬರಕ ಇರೋ ಹುಡುಗ. ಘಾಟಿಗೆ ಒಳಗ ಕುಂದರಾಕ ಆಗೂದಿಲ್ಲ. ಏಳ್ರಿ, ಏಳ್ರಿ, ಅಲ್ಲೇ ಹೋಗೂಣು."

ಚಾಪೆ ಬಂತು, ಮೊರ ಬಂತು, ಖುರ್ಚಿ ಬಂತು. ಕಾವ್ಯಾ ಚೀಲದ ಒಂದು ತುದಿ, ಫಕ್ಕೀರೇಶ ಇನ್ನೊಂದು ತುದಿ ಹಿಡಿದು ತಂದರು. ಸಿದ್ದಲಿಂಗೇಶ ಕಣ್ಣು ಬಿಟ್ಟಾಗ ಅವನ ಎಡಕ್ಕೆ ಮುತ್ತವ್ವ, ಬಲಕ್ಕೆ ಕರಬಸಪ್ಪ, ಮುಂದೆ ಮೆಣಸಿನಕಾಯಿ.

"ಚಿಗವ್ವಾ, ನೀವು ಒಳಗ ಆರಾಮ ಕುಂತಿದ್ರಿ."

"ನೀ ಇಲ್ಲಂದ ಮ್ಯಾಲ ಏನ ಆರಾಮಪಾ" ಎಂದಳು ಮುತ್ತವ್ವ, ಬೆನ್ನು ಸವರಿ.

ಅವನು ಸೀನಿದ. ಸೀನಿದ ಮೇಲೆ ಒಂದು ವಿಚಾರ ಹೊಳೆಯಿತು. ಇವರೆಲ್ಲ ಇಲ್ಲಿದ್ದಾರೆ ಎಂದರೆ ಖೋಲಿ ಖಾಲಿ. ಖೋಲಿ ತನ್ನದು. ನೀರು ಕುಡಿದು ಬರುತ್ತೇನೆಂದು ಎದ್ದು, ಕಳ್ಳಹೆಜ್ಜೆಯಲ್ಲಿ ಒಳಗೆ ನಡೆದ. ಅಡುಗೆಮನೆಯ ಬಾಗಿಲಲ್ಲಿ ಅವನ ಮೊಳಕಾಲಿಗೆ ಏನೂ ತಾಗಲಿಲ್ಲ. ಅದು ಯಾಕೆಂದು ತಿಳಿಯುವ ಮೊದಲೇ ಹಿಂದುಗಡೆಯಿಂದ ಟರ್‌ರ್ ಎಂಬ ಸದ್ದು ಕೇಳಿತು.

ಕೌದಿ ಬಣ್ಣದ ಖೋಲಿಯಲ್ಲಿ, ಕಿಟಕಿಯ ಬೆಳಕು ಸರಿಯಾಗಿ ಬೀಳುವ ಜಾಗದಲ್ಲಿ, ಶ್ರೀದೇವಿ ಮಷೀನು ತುಳಿಯುತ್ತಿದ್ದಳು.

"ಖೋಲಿ ನಂದು ಅಂದಿದ್ದಿಯಲ್ಲ" ಎಂದ ಸಿದ್ದಲಿಂಗೇಶ.

"ನಿಮ್ಮದರೀ. ಯಾರ ಅಲ್ಲಂದ್ರು?" ಅವಳು ದಾರ ಕತ್ತರಿಸಿ ತಲೆ ಎತ್ತಿದಳು. "ಖುರ್ಚಿ ಸುದ್ದಾ ಹೊರಗ ಹೋತಲ್ರಿ. ನಿಮಗ ಮಂದಿ ನಡಬರಕ ಇದ್ರ ಛಲೋ ಅನ್ನಿಸತೈತಿ ಅಂತ ಮುತ್ತವ್ವಾರು ಹೇಳಿದ್ರು. ಹೆಂಗೂ ಖಾಲಿ ಬಿದ್ದೈತಿ ಅಂತ ತಂದೆ." ಆಮೇಲೆ ಬಟ್ಟೆಯ ಮೇಲೆ ಮತ್ತೆ ಬಾಗಿ, ಮೆಲ್ಲಗೆ ಅಂದಳು. "ಖರೇ ಹೇಳ್ತೇನಿ, ಇಲ್ಲಿ ಎಷ್ಟ ನಿಶ್ಶಬ್ದ ಐತ್ರೀ."

ಮಷೀನು ಮತ್ತೆ ಓಡತೊಡಗಿತು. ಹೊರಗಿನಿಂದ ಕರಬಸಪ್ಪ ಕೂಗುತ್ತಿದ್ದ, "ತಮ್ಮಾ, ನಿನ್ನ ಸೀಟು ಹಿಡದಿಟ್ಟೇನಿ, ಲಗೂ ಬಾ."