ಕೈ ಬಿಡಬೇಡಿ

ಬಾಮೈದ ಬಾಯಿ ಮುಚ್ಚಿಕೊಂಡಿದ್ದರೆ ಟೈಲರು ಎಲ್ಲರ ಹಾಗೆ ನೆಟ್ಟಗೆ ನಡೆದು ವಿಮಾನ ಹತ್ತಿಬಿಡುತ್ತಿದ್ದರೇನೋ. ಆದರೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಇದ್ದಿದ್ದರೆ ಮನೆಮಂದಿಯೆಲ್ಲ ಆತನಿಗೆ ರೇಡಿಯೋ ಎಂದು ಯಾಕೆ ಹೆಸರಿಡುತ್ತಿದ್ದರು?

“ಭಾವ, ವಿಮಾನಕ್ಕೆ ಹೆದರಬೇಡಿ. ಅದರಲ್ಲಿ ಕೂತ್ರೆ ನಿದ್ದೆನೇ ಬರುತ್ತೆ,” ಎಂದ ರೇಡಿಯೋ, ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದಾಗ. “ಹತ್ತೋಕೆ ಅಂತ ಇಲ್ಲಿಂದ ವಿಮಾನದ ಬಾಗಿಲವರೆಗೂ ಕೊಳವೆ ಥರ ಒಂದು ಓಣಿ ಇದೆ ನೋಡಿ, ಅದು ಮಾತ್ರ ಸ್ವಲ್ಪ ಅಲ್ಲಾಡುತ್ತೆ. ಕಿಟಕಿ ಇರಲ್ಲ. ಅಷ್ಟೇ.”

ಟೈಲರ ನಾಲಿಗೆಯ ಪಸೆ ಆರಿತು. ಮುಚ್ಚಿದ ಜಾಗವೆಂದರೆ ಅವರಿಗೆ ಮೊದಲಿನಿಂದಲೂ ಆಗದು. ಗಿರಾಕಿ ಟ್ರಯಲ್ ರೂಮಿನೊಳಗೆ ಹೋದರೆ ಇವರು ಹೊರಗೇ ನಿಂತು “ಬಗಲಲ್ಲಿ ಬಿಗಿ ಇದೆಯಾ?” ಎಂದು ಕೂಗಿ ಕೇಳುತ್ತಿದ್ದರು. ಲಿಫ್ಟ್ ಇದ್ದಲ್ಲಿ ಮೆಟ್ಟಿಲು ಹತ್ತುತ್ತಿದ್ದರು; ಮೆಟ್ಟಿಲು ಇಲ್ಲದ ಕಡೆಗೆ ಹೋಗುತ್ತಲೇ ಇರಲಿಲ್ಲ.

ಇವತ್ತು ಹೋಗದೆ ವಿಧಿಯಿರಲಿಲ್ಲ. ನಾಳೆ ಬೆಳಿಗ್ಗೆ ದೂರದೂರಿನಲ್ಲಿ ಒಬ್ಬಳೇ ಮಗಳ ಮದುವೆ. ಹೆಂಡತಿ ಮೊದಲೇ ಹೋಗಿದ್ದಳು. ಅಳಿಯ ಹಾಕಿಕೊಳ್ಳಬೇಕಾದ ಕೋಟು ಇವರ ತೋಳಿನ ಮೇಲಿತ್ತು. ಇವರೇ ಕತ್ತರಿಸಿ, ಇವರೇ ಹೊಲಿದು, ಇವತ್ತಷ್ಟೇ ಕೊನೆಯ ಗುಂಡಿ ಹಾಕಿ ಮುಗಿಸಿದ್ದ ಕೋಟು.

ಬಾಗಿಲು ತೆರೆಯಿತು. ಓಣಿ ಹೆಬ್ಬಾವಿನ ಹಾಗೆ ಬಾಯಿ ತೆರೆದುಕೊಂಡು ಮಲಗಿತ್ತು. ಪಟ್ಟಿಪಟ್ಟಿ ಗೋಡೆ, ಇಳಿಜಾರು ನೆಲ, ತಗ್ಗಾದ ಮಾಡು. ಮುಂದೆ ಹೋದವರು ತಿರುವಿನಲ್ಲಿ ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಒಬ್ಬರೂ ವಾಪಸು ಬರುತ್ತಿರಲಿಲ್ಲ.

ಟೈಲರು ಕಾಲಿಟ್ಟರು. ನೆಲ ದಡದಡ ಎಂದಿತು. ತಲೆ ಬುಗುರಿಯಾಯಿತು. ಬೀಳಬಾರದೆಂದು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಮುಂದಿದ್ದ ಅಜ್ಜಿಯೊಬ್ಬರ ಶಾಲು.

“ಯಾರೋ ಅದು? ಬಿಡೋ!” ಎಂದು ಅಜ್ಜಿ ಕಿರುಚಿದ್ದೇ ತಡ, ಟೈಲರು ಶಾಲನ್ನೂ ಬಿಟ್ಟು, ಓಣಿಯನ್ನೂ ಬಿಟ್ಟು, ಎದುರು ಬರುವವರನ್ನೆಲ್ಲ ಸೀಳಿಕೊಂಡು ಹೊರಗೆ ಬಂದು ನಿಂತರು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಶಾಲು ಕೊಡವುತ್ತಾ ಅಜ್ಜಿಯೂ ಹಿಂದೆಯೇ ಬಂದರು. ವಿಷಯ ತಿಳಿದ ಮೇಲೆ ಕರಗಿದರು. “ಉಸಿರು ಬಿಗಿ ಹಿಡ್ಕೋ ಮಗ, ಎಲ್ಲಾ ಸರಿಹೋಗುತ್ತೆ.”

“ಬಿಗಿ ಹಿಡಿಯೋದಾ? ಎಲ್ಲಾದರೂ ಉಂಟೇ? ದೀರ್ಘವಾಗಿ ಬಿಡಬೇಕು!” ಎಂದರು ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರು.

ಇಬ್ಬರಿಗೂ ಬೇಜಾರಾಗಬಾರದೆಂದು ಟೈಲರು ಎರಡನ್ನೂ ಒಟ್ಟಿಗೆ ಮಾಡಿದರು. ಬಿಕ್ಕಳಿಕೆ ಶುರುವಾಯಿತು.

“ಒಂದು ಉಪಾಯ ಹೇಳ್ತೀನಿ,” ಮೇಷ್ಟ್ರು ಬಿಡಲಿಲ್ಲ. “ಹಿಂದೆ ಹಿಂದಕ್ಕೆ ನಡೀರಿ. ಮುಖ ಈ ಕಡೆನೇ ಇರ್ಲಿ. ಓಣಿ ಕಾಣೋದೇ ಇಲ್ಲವಲ್ಲ!”

ಮುಳುಗುವವರಿಗೆ ಸಿಕ್ಕಿದ್ದೇ ಆಸರೆ. ಟೈಲರು ಬಿಕ್ಕುತ್ತಾ ಹಿಂದಕ್ಕೆ ನಡೆದರು. ಯಾರೋ ಸುಸ್ತಾಗಿ ಅಡ್ಡ ನಿಲ್ಲಿಸಿದ್ದ ಚಕ್ರದ ಸೂಟ್‌ಕೇಸು ಕಾಲಿಗೆ ತಾಗಿತು. ಅದರ ಮೇಲೆ ದೊಪ್ಪನೆ ಕೂತರು. ಸೂಟ್‌ಕೇಸು ಇಳಿಜಾರನ್ನು ಕಂಡಿದ್ದೇ ಹೊರಟುಬಿಟ್ಟಿತು. ಕೋಟನ್ನು ತಬ್ಬಿಕೊಂಡು, ಹಿಮ್ಮುಖವಾಗಿ, “ಅಯ್ಯೋ, ಹಿಡೀರಪ್ಪಾ!” ಎನ್ನುತ್ತಾ ಟೈಲರು ಓಣಿಯ ಹೊಟ್ಟೆಯೊಳಗೆ ಜಾರಿದರು. ಗೋಡೆಗೆ ಗುದ್ದಿ ನಿಂತಾಗ ಬಿಕ್ಕಳಿಕೆಯೇನೋ ಹೋಗಿತ್ತು. ಅಲ್ಲಿಂದ ಅಂಬೆಗಾಲಿಡುತ್ತಾ ಮತ್ತೆ ಬಾಗಿಲಿಗೆ ಬಂದರು.

ರೇಡಿಯೋ ತಾಳ್ಮೆ ಕಳೆದುಕೊಂಡ. “ಕೊಡಿ ಇಲ್ಲಿ ಕೋಟು. ಇದು ಒಳಗೆ ಹೋಗಿ ಕೂತಿರುತ್ತೆ. ನೀವು ಹೆಂಗೆ ಬರಲ್ಲ ನೋಡ್ತೀನಿ!” ಎಂದು ಕಿತ್ತುಕೊಂಡು ನಡೆದೇಬಿಟ್ಟ. ಅಜ್ಜಿಯೂ ಹೋದರು, ಮೇಷ್ಟ್ರೂ ಹೋದರು. ಸಾಲು ಕರಗಿತು.

“ಸರ್, ಪ್ರಯಾಣಿಕರೆಲ್ಲ ಹತ್ತಾಯ್ತು, ನೀವೊಬ್ಬರೇ ಬಾಕಿ. ಬಾಗಿಲು ಹಾಕಬೇಕು,” ಎಂದಳು ಅಲ್ಲಿದ್ದ ಸಿಬ್ಬಂದಿಯ ಹುಡುಗಿ.

“ಹೊರಗಡೆಯಿಂದ ಮೆಟ್ಟಿಲೇನಾದ್ರೂ ಇದೆಯೇನಮ್ಮ?”

“ಇಲ್ಲ ಸರ್.”

ಅಪ್ಪ ಎಲ್ಲಿ ಎಂದು ಬಾಗಿಲ ಕಡೆಗೇ ನೋಡುತ್ತಾ ನಿಂತ ಮಗಳು ಕಣ್ಣ ಮುಂದೆ ಬಂದಳು. ಟೈಲರು ಗೋಡೆಗೆ ಅಂಗೈ ಒತ್ತಿ, ನೆಲ ನೋಡುತ್ತಾ ಹೊರಟರು. ತಿರುವಿನವರೆಗೂ ಹೇಗೋ ಬಂದರು. ಅಲ್ಲಿ ಕಾಲು ಕಿತ್ತಿಡಲಾಗಲಿಲ್ಲ. ಹಿಂದಿನ ಬಾಗಿಲೂ ಕಾಣದು, ಮುಂದಿನದೂ ಕಾಣದು. ಎಲ್ಲಿಂದಲೋ ಗುಂಯ್ ಎಂಬ ಸದ್ದು ಅಂಗಾಲಿನಿಂದ ಹತ್ತಿ ಹಲ್ಲಿನವರೆಗೂ ಬರುತ್ತಿತ್ತು. ಗೋಡೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತಿವೆ ಅನ್ನಿಸಿತು.

ಹಿಂದಿನಿಂದ ಹೆಜ್ಜೆ ಸಪ್ಪಳ ಬಂದು ಪಕ್ಕದಲ್ಲಿ ನಿಂತಿತು. ತಲೆಯೆತ್ತಲು ಧೈರ್ಯವಿಲ್ಲದೆ ಟೈಲರು ನೋಡಿದ್ದು ಎರಡು ಹೊಳೆಯುವ ಬೂಟು, ಅಂಚು ಮುರಿಯದ ಇಸ್ತ್ರಿಯ ಪ್ಯಾಂಟು.

“ಏನಾಯ್ತು?”

“ತಲೆ ಸುತ್ತುತ್ತೆ ಸ್ವಾಮಿ. ನಾಳೆ ಮಗಳ ಮದುವೆ. ಸ್ವಲ್ಪ ಕೈ ಹಿಡ್ಕೊಳ್ತೀರಾ?”

ಕೈ ಬಂತು. ಎಂಥ ಹಿಡಿತ! ಬೆರಳಿನ ಮೂಳೆಗಳೆಲ್ಲ ಲಟಲಟ ಎಂದವು. ಇಬ್ಬರೂ ನಡೆದರು.

“ಏನಾದ್ರೂ ಮಾತಾಡ್ತಾ ಇರಿ,” ಎಂದಿತು ಆ ದನಿ.

“ಏನು ಮಾತಾಡ್ಲಿ?”

“ಏನಾದ್ರೂ. ನಿಲ್ಲಿಸಬೇಡಿ. ಕೈ ಬಿಡಬೇಡಿ.”

ಎಂಥ ಒಳ್ಳೆಯ ಮನುಷ್ಯ, ನನ್ನ ಗಮನ ಬೇರೆ ಕಡೆಗೆ ತಿರುಗಿಸುತ್ತಿದ್ದಾರೆ ಎಂದುಕೊಂಡು ಟೈಲರು ಕಾಲರ್ ಹೊಲಿಯುವುದನ್ನೂ, ಜೇಬು ಕೂರಿಸುವುದನ್ನೂ, ಒಳಗಿನ ಅಸ್ತರು ಜಗ್ಗದ ಹಾಗೆ ನೋಡಿಕೊಳ್ಳುವುದನ್ನೂ ಉಸಿರು ಬಿಡದೆ ಹೇಳಿದರು. ತೋಳು ಜೋಡಿಸುವ ಮಾತು ಬರುವ ಹೊತ್ತಿಗೆ ವಿಮಾನದ ಬಾಗಿಲು ಬಂತು.

ಟೈಲರು ಮೊದಲ ಸಲ ತಲೆಯೆತ್ತಿದರು. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಪಟ್ಟಿ, ಕಂಕುಳಲ್ಲಿ ಟೋಪಿ. ಮುಖ ಸುಣ್ಣ ಬಳಿದಂತಿತ್ತು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ದೊಡ್ಡ ಉಪಕಾರ ಆಯ್ತು,” ಎಂದರು ಇಬ್ಬರೂ ಒಟ್ಟಿಗೇ.

“ನೀವು ಇಲ್ದಿದ್ರೆ ನಾನು ಇವತ್ತು ಅಲ್ಲೇ ಕುಸಿದುಬಿಡ್ತಿದ್ದೆ,” ಎಂದರು ಪೈಲಟ್ಟು, ಕರವಸ್ತ್ರದಲ್ಲಿ ಮುಖ ಒರೆಸುತ್ತಾ. “ಅದಕ್ಕೇ ಯಾರೂ ನೋಡದ ಹಾಗೆ, ಎಲ್ಲರೂ ಹೋಗ್ಲಿ ಅಂತ ಕಾಯ್ತೀನಿ. ದಯವಿಟ್ಟು ಯಾರಿಗೂ ಹೇಳಬೇಡಿ.” ಎಡಕ್ಕೆ ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಟೈಲರು ಹೇಗೋ ಸೀಟಿಗೆ ಬಂದು ಕುಸಿದರು. ಕೋಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರೇಡಿಯೋ ಬೀಗಿದ. “ಬಂದೇಬಿಟ್ರಲ್ಲ! ಭಯ ಅನ್ನೋದೆಲ್ಲ ಮನಸ್ಸಿಂದು ಭಾವ.” ಅಷ್ಟರಲ್ಲಿ ಮೇಲಿನ ಸ್ಪೀಕರಿನಿಂದ ಕ್ಯಾಪ್ಟನ್ನರ ಸ್ವಾಗತದ ಮಾತು ಕೇಳಿಸಿತು. “ಆಹಾ, ದನಿ ಕೇಳಿ! ಗುಂಡಿಗೆ ಅಂದ್ರೆ ಇದು!” ಎಂದ ರೇಡಿಯೋ.

ಟೈಲರು ಬೆಲ್ಟನ್ನು ಹೊಟ್ಟೆ ಒಪ್ಪುವಷ್ಟು ಬಿಗಿದರು. ಆಮೇಲೆ ಒಪ್ಪದಷ್ಟೂ ಬಿಗಿದರು.

ಗಗನಸಖಿ ಬಂದು ಕಿವಿಯ ಬಳಿ ಬಗ್ಗಿದಳು. “ಸರ್, ಕ್ಯಾಪ್ಟನ್ ಕೇಳ್ಕೊಂಡು ಬಾ ಅಂದ್ರು. ಇಳಿಯುವಾಗ ಎಲ್ಲರ ಜೊತೆ ಹೋಗದೆ, ಅವರಿಗೋಸ್ಕರ ಬಾಗಿಲ ಹತ್ರ ಕಾಯ್ತೀರಾ ಅಂತ.”

“ಯಾಕಮ್ಮಾ?”

“ಯಾಕೋ ಗೊತ್ತಿಲ್ಲ ಸರ್. ಅಲ್ಲಿಯ ಓಣಿ ಇದರ ಎರಡರಷ್ಟು ಉದ್ದ ಇದೆ, ಅಷ್ಟು ಹೇಳಿದ್ರೆ ನಿಮಗೆ ಅರ್ಥವಾಗುತ್ತೆ ಅಂದ್ರು.”